ಖಾಯಂ

ವಾಡಿ ಜಂಕ್ಷನ್ನಿನ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಕಡೇ ಸುತ್ತು.
ಕಿಟಕಿ ಮುಚ್ಚಿದರೂ ಒಳಬರುವ ಸಿಮೆಂಟಿನ ಧೂಳು
ಕರಿ ಕುದುರೆಗೂ ಬಿಳಿ ಕುದುರೆಗೂ
ಒಂದೇ ಬಣ್ಣ ಹಚ್ಚಿತ್ತು.
ಆಗಾಗ ಊದಿ ನೋಡಬೇಕು, ಯಾವುದು ಯಾರದು ಅಂತ.

ನಾನು ಪಂಚ. ಡ್ರಿಲ್ ಮಾಸ್ತರನಾದ್ದಕ್ಕೆ
ಸೀಟಿ ಕೊರಳಲ್ಲೇ ಇತ್ತು,
ಇದು ಸೀಟಿ ಊದುವ ಆಟವಲ್ಲದಿದ್ದರೂ.

ಬಿಳಿಗೆ ಲಾಡ್ಲೆಸಾಬ. ಮೂವತ್ತೊಂದು ವರ್ಷ
ಹಳಿ ಬದಲಿಸುವ ಲಿವರ್ ಹಿಡಿದ ಕೈ;
ಸೊಲ್ಲಾಪುರದ ಗಾಡಿ, ಗುಂತಕಲ್ಲಿನ ಗಾಡಿ,
ಎದುರುಬದುರು ಬಿಟ್ಟವನಲ್ಲ ಎಂದೂ.
ಕರಿಗೆ ದೇವಿಂದ್ರ. ಪ್ಯಾಕಿಂಗ್ ಪ್ಲಾಂಟಿನಲ್ಲಿ
ಗುತ್ತಿಗೆ ಮೇಲೆ ಹದಿನಾಲ್ಕನೇ ವರ್ಷ.
ಹುಬ್ಬಿನೊಳಗಿನ ಬೂದಿ ಸ್ನಾನಕ್ಕೂ ಹೋಗಿರಲಿಲ್ಲ.

ಮಂತ್ರಿಗಳು ಮೊದಲೇ ಸತ್ತರು.
ಒಂಟೆಗಳು ಒಂದನ್ನೊಂದು ತಿಂದವು.
ಮೂರನೇ ತಾಸಿಗೆ ಉಳಿದದ್ದು
ಆನೆಗೊಂದು ಆನೆ, ರಾಜನಿಗೊಂದು ರಾಜ,
ಮತ್ತೆ ಲಾಡ್ಲೆಸಾಬನ ಒಂದೇ ಒಂದು ಪ್ಯಾದೆ.

ಅದು ಆರನೇ ಮನೆಗೆ ಕಾಲಿಟ್ಟದ್ದೇ
ತನ್ನ ರಾಜ ಅಡಗಬೇಕಿದ್ದ ನೆರಳಲ್ಲಿ
ತಾನೇ ನಿಂತುಬಿಟ್ಟಿತು.
ಅಲ್ಲೀತನಕ ಅಡ್ಡಗೆರೆ ಕಾದಿದ್ದ ಕರಿ ಆನೆ
ಸರ್ರನೆ ಬೋರ್ಡಿನ ತುದಿಗಿಳಿದು, ಬೆನ್ನ ಹಿಂದಿನಿಂದ
ಕಿಸ್ತ್.
ರಾಜ ಪಕ್ಕಕ್ಕೆ ಸರಿದ. ಕಿಸ್ತ್.
ಮೇ ತಿಂಗಳ ಮಟಮಟ ಮಧ್ಯಾಹ್ನ
ಬರಿಗಾಲಲ್ಲಿ ಸ್ಟೇಷನ್ ರಸ್ತೆ ದಾಟುವವನ ಹಾಗೆ
ಮನೆಯಿಂದ ಮನೆಗೆ ಹಾರಿದ.
ಒಂದು ಬೇವಿನ ಗಿಡವೂ ಇಲ್ಲ. ಕಿಸ್ತ್.

ಲಾಡ್ಲೆಸಾಬ ತಣ್ಣಗಾದ ಚಹಾ ಕುಡಿದ.
"ನಮ್ಮ ದಾದಾ ಇಂಥಾದ್ದಕ್ಕ ಡ್ರಾ ಅಂತಿದ್ದಿಲ್ಲಪಾ,
ಖಾಯಂ ಅಂತಿದ್ದರು. ಖಾಯಂ ಆತು."

ಕೈ ಚಾಚಿದ ದೇವಿಂದ್ರ ನಡುವೆಯೇ ತಡೆದ.
"ಇನ್ನೊಮ್ಮೆ ಅನ್ರಿ, ಚಾಚಾ."
"ಖಾಯಂ."
ಸುತ್ತ ನಿಂತ ಪ್ಯಾಕಿಂಗಿನ ಹುಡುಗರು ಬಿದ್ದುಬಿದ್ದು ನಕ್ಕರು.
ಆರ್ಡರ್ ಕಾಪಿ ಎಲ್ಲೈತಿ ಅಂದ ಒಬ್ಬ.
ದೇವಿಂದ್ರನೂ ನಕ್ಕ, ತುಸು ತಡವಾಗಿ.

ನಾನು ಹಾಳೆಯಲ್ಲಿ ಅರ್ಧ ಬರೆದೆ, ಅದರೆದುರು ಅರ್ಧ.
ಅರ್ಧ ಅಂಕ ಹೆಚ್ಚಿದ್ದ ಯಾದಗಿರಿಯ ಹುಡುಗ
ಬಹುಮಾನ ಒಯ್ದ. ಇವರಿಬ್ಬರೂ ತಲೆ ಎತ್ತಲಿಲ್ಲ.

ಹತ್ತರ ಪಾಳಿಯ ಸೈರನ್.
ಗೇಟ್ ಪಾಸು ತಡವುತ್ತ ಎದ್ದವನ ತೋಳು ಹಿಡಿದು ಮುದುಕ:
"ಆ ಪ್ಯಾದೆ ಮುಂದ ಇಡಬಾರದಿತ್ತೇನೋ?"
"ಇಡದಿದ್ರೂ ಅಷ್ಟೇರಿ.
ನಾ ಕಾಯ್ತಿದ್ದೆ."

ಕಾಯಿಗಳನ್ನು ಎತ್ತಿಟ್ಟೆ.
ಧೂಳು ಕೂತ ಬೋರ್ಡಿನ ಮೇಲೆ
ಅವು ನಿಂತಿದ್ದ ಐದು ದುಂಡು ಗುರುತು.
ಬಟ್ಟೆ ಕೈಯಲ್ಲಿತ್ತು. ಒರೆಸದೆ ಮಡಚಿದೆ.