ಶಹಾಬಾದ್ ಕಲ್ಲಿನ ಕೆಳಗೆ

ಹರ್ಬೇರಿಯಮ್ಮಿಗೆ ಒಂದು ಪ್ರೆಸ್ಸು ಬೇಕೆಂದು ಬರೆದ ಕಡತ
ಒಂಬತ್ತು ವರ್ಷ ತಿರುಗಿತು.
ಅಲ್ಲಿಯವರೆಗೆ ಒಂದು ಫರ್ಸಿ ಸಾಕಾಯಿತು:
ಶಹಾಬಾದಿನದು, ಮೂಲೆ ಮುರಿದದ್ದು,
ನಮ್ಮ ಅಡುಗೆಮನೆಗೆ ಹಾಸಿ ಮಿಕ್ಕದ್ದು.
ಹಳೆ ಪತ್ರಿಕೆಯ ಮಡಿಕೆಯಲ್ಲಿ ಹೂ, ಮೇಲೆ ಕಲ್ಲು.
ರಜೆಯಲ್ಲಿ ಮನೆಗೇ ತಂದಿಟ್ಟರೆ
"ಯಾರ ಹೆಣ ಇಟ್ಟೀಯವ್ವಾ ಅದರಾಗ?" ಅನ್ನುತ್ತ ಅವ್ವ
ಸುತ್ತ ಕಸ ಗುಡಿಸುತ್ತಿದ್ದಳು, ಕಲ್ಲು ಮುಟ್ಟದೆ.

ಸಂದರ್ಶನದಲ್ಲಿ ನಕ್ಕಿದ್ದರು:
ತೊಗರಿ ನಾಡಿನಲ್ಲಿ ಆರ್ಕಿಡ್ ಹುಡುಕುತ್ತೀರಾ?
ಘಟ್ಟದಲ್ಲಿ ಒಂದು ಮರ ಅಲುಗಿಸಿದರೆ ಹತ್ತು ಬಗೆ ಉದುರುತ್ತವೆ.
ನಿಮ್ಮಲ್ಲಿ?
ನಮ್ಮಲ್ಲಿ ಎರಡು, ಎಂದೆ. ಆಗ ಗೊತ್ತಿದ್ದದ್ದು ಅಷ್ಟೆ.
ಇನ್ನೂ ನಕ್ಕರು. ಕೆಲಸ ಕೊಟ್ಟರು;
ಬೇರೆ ಯಾರೂ ಅರ್ಜಿ ಹಾಕಿರಲಿಲ್ಲವಂತೆ.

ಚಿಂಚೋಳಿ ಬಸ್ಸು, ನಸುಕಿನ ಐದೂಮುಕ್ಕಾಲು.
ಕುಂಚಾವರಂ ದಾರಿಯಲ್ಲಿ ಕಾಯುತ್ತಿದ್ದಳು ಗೋಮಲಾಬಾಯಿ,
ಸೊಂಟಕ್ಕೆ ಕುಡುಗೋಲು, ಸೆರಗಿನಲ್ಲಿ ರೊಟ್ಟಿ.
ಆಕೆ ಕಾಡು ಓದುತ್ತಿದ್ದದ್ದು ನೋವು ಹಿಡಿದು:
ಮೊಣಕಾಲಿಗೆ ಇದು, ಹಡೆದ ಸೊಂಟಕ್ಕೆ ಅದು.
ನಾನು ಓದುತ್ತಿದ್ದದ್ದು ತುಟಿ, ಬಾಲ, ಪರಾಗದ ಗಂಟು.
ಇಬ್ಬರೂ ಬಂದು ನಿಂತದ್ದು ಒಂದೇ ಮರದ ಬುಡಕ್ಕೆ.

ಹಿಪ್ಪೆಯ ಕವಲಿನಲ್ಲಿ ವಾಂಡಾ.
"ಬಂದನಿಕಿ ಅದು ಮೇಡಂ, ಮರದ ರಕ್ತ ಕುಡೀತದ."
ಇಲ್ಲ ಬಾಯಿ, ಬೆರಳಿಟ್ಟು ನೋಡು,
ಬೇರು ತೊಗಟೆಯೊಳಕ್ಕೆ ಇಳಿದೇ ಇಲ್ಲ.
ತಬ್ಬಿಕೊಂಡಿದೆ. ಉಣ್ಣುವುದು ಮಳೆ, ಗಾಳಿ, ಧೂಳು.
ಆಕೆ ಬೆರಳಿಟ್ಟಳು. ತಂಬಿಗೆಯಿಂದ
ಬೂದುಬಣ್ಣದ ಬೇರಿಗೆ ನಾಲ್ಕು ಹನಿ ಚಿಮುಕಿಸಿದಳು.
ನೋಡುತ್ತಿದ್ದಂತೆ ಹಸಿರಾಯಿತು.
"ಎಷ್ಟ ವರ್ಷ ಸುಮ್ಮ ಸುಮ್ಮನ ಬೈದ್ವಿ ಇದಕ್ಕ."

ಮೇ ತಿಂಗಳಲ್ಲಿ ಒಂದು ರಾತ್ರಿಯಿಡೀ ಅದೇ ಮರದ ಕೆಳಗೆ
ಎರಡು ತಾಸಿಗೊಮ್ಮೆ ಎಲೆ ಕತ್ತರಿಸಿ ಹುಳಿ ಅಳೆದೆವು.
ನಸುಕಿಗೆ ಹುಳಿ ಹುಳಿ, ಮರುಸಂಜೆಗೆ ಸಪ್ಪೆ.
ಹಗಲೆಲ್ಲ ಬಾಯಿ ಬಿಗಿದು, ಉರಿ ದಾಟಿದ ಮೇಲಷ್ಟೆ
ಉಸಿರೆಳೆದುಕೊಳ್ಳುವ ಗಿಡ.
ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಬ್ರಹ್ಮಪುರದ ಮನೆಯಲ್ಲಿ,
ಹತ್ತು ಗಂಟೆಗೇ ಅವ್ವ ಕಿಟಕಿ ಜಡಿದು
ಗೋಣಿತಟ್ಟು ತೋಯಿಸಿ ಇಳಿಬಿಟ್ಟು,
ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಹೊಡೆದು
ಮೊದಲ ಗಾಳಿಗೆ "ಹಾ" ಎಂದು ಮೈ ಚೆಲ್ಲಿದಾಗ.
ಲಕ್ಷಾಂತರ ವರ್ಷ ಹಿಡಿಯಿತು ಎಂದು ಬರೆದಿದ್ದೇನೆ ಪ್ರಬಂಧದಲ್ಲಿ.
ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ
ಅವ್ವ ಕಲಿತಿದ್ದಳು.

ತೊಂಬತ್ತೆರಡರ ಆಗಸ್ಟು. ಚಂದ್ರಂಪಳ್ಳಿ ಹಿನ್ನೀರಿನಾಚೆ
ಹುಲ್ಲಿನಲ್ಲಿ ಒಂದು ಬಿಳಿ ಹೆಬೆನೇರಿಯಾ,
ಗೇಣಿಗಿಂತ ಗಿಡ್ಡ, ಸಂಜೆಗಷ್ಟೆ ಕಂಪು.
ಹೊಸದು ಎಂದು ಬರೆದೆ.
ಗೋಮಲಾಬಾಯಿಯ ಹೆಸರಿಗೇ ಲ್ಯಾಟಿನ್ ಬಾಲ ಅಂಟಿಸಿದೆ.
ಆಕೆ ತಾಂಡಾದ ಮನೆಮನೆಗೂ ಬೆಲ್ಲ ಹಂಚಿದಳು.

ಹದಿನೆಂಟು ವರ್ಷದ ಮೇಲೆ ನನ್ನದೇ ವಿದ್ಯಾರ್ಥಿ ತೌಸೀಫ್
ಉಗುರಿನಷ್ಟು ಒಣಎಲೆಯಿಂದ ಡಿಎನ್‌ಎ ತೆಗೆದು
ಬಾಗಿಲಲ್ಲೇ ನಿಂತ, ಒಳಗೆ ಬರದೆ.
ಹೊಸದಲ್ಲ, ಮೇಡಂ.
ಘಟ್ಟದ ಹುಲ್ಲುಗಾವಲಲ್ಲಿ ರಾಶಿ ರಾಶಿ ಇರುವುದೇ;
ಇಲ್ಲಿಯ ಮಣ್ಣಿಗೆ ಕುಳ್ಳಾಗಿದೆ,
ಇಲ್ಲಿಯ ಪತಂಗದ ನಾಲಿಗೆಗೆ ಬಾಲ ಚಿಕ್ಕದಾಗಿದೆ.
ಚಹಾ ಮಾಡಿಕೊಟ್ಟೆ ಅವನಿಗೆ. ಸಕ್ಕರೆ ಮರೆತೆ. ಅವನು ಹೇಳಲಿಲ್ಲ.
ಹೆಸರು ಹಿಂತೆಗೆದುಕೊಳ್ಳುವ ಪತ್ರವನ್ನು ನಾನೇ ಬರೆದೆ,
ಎಂಟು ಸಾಲು.

ಆಕೆಗೆ ಹೇಳುವುದೇ ಕಷ್ಟವಿತ್ತು.
ಹೊರಸಿನ ಮೇಲೆ ಕಾಲು ಚಾಚಿ ಪೂರ್ತಿ ಕೇಳಿದಳು.
"ಅಂದ್ರ ಎಲ್ಲಿಂದಲೋ ಬಂದು ಇಲ್ಲೇ ಊರಿಕೊಂಡದ್ದು ಅದು?
ಮಾರವಾಡ ಬಿಟ್ಟು ಬಂದು ನಾವು ಕುಂತಂಗ?"
ಹೌದು.
"ಹಂಗಾದ್ರ ನನ್ನ ಹೆಸರು ಬರೋಬ್ಬರಿನೇ ಇಟ್ಟಿದ್ರಿ, ಬಿಡ್ರಿ."

ಮೊನ್ನೆ ನಿವೃತ್ತಿ. ಪಟ್ಟಿಯಲ್ಲಿ ಹದಿನಾಲ್ಕು.
ಬೀಗದ ಕೈ, ಮೈಕ್ರೋಸ್ಕೋಪು, ಆರುನೂರ ಹನ್ನೆರಡು ಹಾಳೆ
ಎಣಿಸಿ ಕೊಟ್ಟು ಸಹಿ ಹಾಕಿದೆ.
ಫರ್ಸಿ ಯಾವ ದಾಸ್ತಾನು ಪುಸ್ತಕದಲ್ಲೂ ಇರಲಿಲ್ಲ.
ಆಟೋದಲ್ಲಿ ತಂದು ಬಚ್ಚಲ ಕಟ್ಟೆಯ ಮೇಲಿಟ್ಟು ತೊಳೆದೆ.
ಹೊಟ್ಟೆಯ ಕಡೆ ಮೂವತ್ತು ವರ್ಷದ ರಸ ಇಳಿದ ಕಲೆ,
ತಿಕ್ಕಿದರೂ ಹೋಗದ್ದು.
ಯಾವ ಹೂವಿನದೆಂದು
ನನಗೂ ಗುರುತು ಹತ್ತಲಿಲ್ಲ.