ಮಂಗಳವಾರ ರಜೆ

ಚಿಂತಾಮಣಿಯಲ್ಲಿ, ಟೊಮೇಟೊ ಮಂಡಿಯ ಹಿಂದಿನ ಗಲ್ಲಿಯಲ್ಲಿ
ಆರೂವರೆಗೇ ಸಾಲು.
ಹೊಸಕೋಟೆಯ ಕಾರು, ಮದನಪಲ್ಲಿಯ ಬೈಕು,
ಮಂಕಿಕ್ಯಾಪಿನ ರಿಟೈರಾದ ಮೇಷ್ಟ್ರು,
ರಾತ್ರಿಯೆಲ್ಲ ಕ್ರೇಟು ಹೊತ್ತ ಹುಡುಗರು,
ಎಲ್ಲರಿಗೂ ಬ್ಯಾಟಪ್ಪನ ದೋಸೆಯೇ ಬೇಕು.

ನಾನೂ ತಿಂದಿದ್ದೇನೆ. ಒಂದಲ್ಲ, ಏಳು ಸಲ.
ನಡುವೆ ಹಸಿ, ಅಂಚು ಸೀದದ್ದು.
ಚಟ್ನಿಗೆ ಹುರಿಗಡಲೆ ಗೊತ್ತು, ತೆಂಗಿನಕಾಯಿಯ ಪರಿಚಯವಿಲ್ಲ.
ಸಾಂಬಾರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.
ಇನ್ನೊಂದು ಲೋಟ ನೀರು ಕೇಳಿದರೆ ಬ್ಯಾಟಪ್ಪ
ಜಪ್ತಿಗೆ ಬಂದ ಅಮೀನನ ಹಾಗೆ ನೋಡುತ್ತಾನೆ.

"ನಿನ್ನ ನಾಲಿಗೆಗೇ ಏನೋ ಆಗಿದೆ"
ಅಂದ ಭಾವ ಗಂಗುಲಪ್ಪ, ಬೆರಳು ನೆಕ್ಕುತ್ತಾ.
ಮನೆಗೆ ಬಂದು ಕನ್ನಡಿಯೆದುರು ನಾಲಿಗೆ ಚಾಚಿದೆ.
ಚೆನ್ನಾಗೇ ಇತ್ತು.

ಹಿಂಬಾಗಿಲಲ್ಲಿ ಹಿಟ್ಟು ರುಬ್ಬುವ ಪಿಳ್ಳಮ್ಮ
ಮನೆಯಿಂದ ತಂದ ಮುದ್ದೆ ಮುರಿಯುತ್ತಿದ್ದಳು.
ಹಿತಕಿದ ಅವರೆಯ ಸಾರು.
ಆ ಘಮ ಗೋಡೆ ಹಾರಿ ಬಂತು;
ಸಾಲಿನಲ್ಲಿ ಒಬ್ಬರೂ ಮೂಗೆತ್ತಲಿಲ್ಲ.
"ದೋಸೆ ತಿನ್ನಲ್ವಾ?" ಅಂದೆ.
"ಅಯ್ಯೋ ಅಣ್ಣಾ, ಅದು ಬಂದೋರಿಗೆ."

ಹೋದ ಮಂಗಳವಾರ ಷಟರು ಎಳೆದಿತ್ತು.
ದೇವನಹಳ್ಳಿಯ ಒಂದು ಸಂಸಾರ
ಬೀಗದ ಮುಂದೆ ಪೆಚ್ಚಾಗಿ ನಿಂತಿತ್ತು.
ಎರಡು ಜಡೆಯ ಹುಡುಗಿ ಕೇಳಿತು:
"ಅಷ್ಟು ಚೆನ್ನಾಗಿರುತ್ತಾ ಅಂಕಲ್?"

ಬಾಯಿ ತೆರೆದೆ.
ಏಳು ದೋಸೆಯ ಸಿಟ್ಟೂ ಅಲ್ಲೇ, ತುದಿಯಲ್ಲೇ ಇತ್ತು.
"ಛೆ, ನಿನ್ನೆ ಬರಬಾರದಿತ್ತೇನಮ್ಮ," ಅಂದೆ,
"ನಮ್ಮೂರ ದೋಸೆ ಅಂದರೆ ಏನಂದುಕೊಂಡೆ?
ನಾಳೆ ಬನ್ನಿ. ಆರಕ್ಕೇ ಬನ್ನಿ.
ಸಾಲಿನಲ್ಲಿ ನಾನು ಜಾಗ ಹಿಡಿದಿರುತ್ತೇನೆ."