ನಾಲ್ಕು ಮಿಲಿಮೀಟರ್

ಕ್ಯಾನಕ್ ರಸ್ತೆಯ ಗುಂಡಿಗೆ ಒಂದೇ ಕ್ಷಣ ಸಾಕಾಯಿತು.
ಮುಂದಿನ ಗಾಲಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ
ಫೋರ್ಕಿಗೆ ಒರಗಿ ನಿಂತುಬಿಟ್ಟಿತು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ
ಎಂದು ವುಲ್ವರ್‌ಹ್ಯಾಂಪ್ಟನ್ನಿಗೆ ಕನ್ನಡದಲ್ಲೇ ಬೈದು
ಎರಡು ಮೈಲಿ ಹೆಗಲ ಮೇಲೆ ಹೊತ್ತು ಬಂದೆ,
ರಾತ್ರಿ ಪಾಳಿ ಮುಗಿಸಿ, ಬೆರಳಲ್ಲಿ ಇನ್ನೂ
ಲ್ಯಾಬಿನ ಕೈಗವಸಿನ ವಾಸನೆ.

ಹಿಂದಿನ ಗಾಲಿಯೂ ಹೊರಡುವ ಹಾದಿಯಲ್ಲೇ ಇದೆ.
ಕ್ರೋಮಿನ ಕೆಳಗೆ ತುಕ್ಕು. ರಸ್ತೆ ಒದ್ದೆಯಾದರೆ
ಬ್ರೇಕು ಹಿಡಿಯುವುದಿಲ್ಲ, ಬೇಡಿಕೊಳ್ಳುತ್ತದೆ.
ಆದರೆ ಚೌಕಟ್ಟು! ಅರವತ್ತೊಂದರದು, ಪಾಚಿ ಬಣ್ಣ,
ಕೊಳವೆ ಕೂಡುವ ಕಡೆಯೆಲ್ಲ ಬಂಗಾರದ ಗೆರೆ,
ಯಾರೋ ಉಸಿರು ಬಿಗಿಹಿಡಿದು ಎಳೆದದ್ದು.
ಗೇರು, ವೈರು, ಲಿವರು ಎಲ್ಲ ಬಿಚ್ಚಿ
ಹೋದ ಚಳಿಗಾಲ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೆ.
ಈಗ ಒಂದೇ ಹಲ್ಲುಚಕ್ರ. ಗಾಲಿ ತಿರುಗಿದರೆ ಪೆಡಲು,
ಪೆಡಲು ತಿರುಗಿದರೆ ಕಾಲು,
ನಡುವೆ ಬಿಡುವು ಅನ್ನುವುದಿಲ್ಲ.

"ಇಪ್ಪತ್ತೇಳು ಇಂಚೋ, ಏಳುನೂರೋ?"
ಗುರ್ಮೇಲ್ ಬೈನ್ಸ್ ಕೇಳಿದರು, ಗೋತ್ರ ಕೇಳುವ ಹಾಗೆ.
ಹಳೆ ಅಳತೆಗೆ ಟೈರು ಹುಡುಕಿಯೇ ತರಬೇಕು.
ಹೊಸ ಅಳತೆ ಎಂಟು ಮಿಲಿಮೀಟರ್ ಕಿರಿದು,
ಅಂಚಿನಿಂದ ಅಂಚಿಗೆ. ಬ್ರೇಕಿನ ಲೆಕ್ಕಕ್ಕೆ ನಾಲ್ಕು.
ಆ ನಾಲ್ಕನ್ನು ರಬ್ಬರು ಇಳಿದು ಬಂದು ಮುಟ್ಟಬೇಕು.
ಇಳಿಯುತ್ತದೋ? ಇಳಿದರೂ ಹಿಡಿಯುತ್ತದೋ?

ನನ್ನ ಕಣ್ಣು ಮಾತ್ರ ಮೇಲೆ, ಕೊಕ್ಕೆಯಲ್ಲಿ:
ನವಿಲುನೀಲಿ ರಿಮ್ಮು, ಅಂಗೈಯಷ್ಟು ಅಗಲ,
ಮಷೀನು ಕಟ್ಟಿದ ಜೋಡಿ, ನನ್ನ ವಾರದ ದಿನಸಿಗಿಂತ ತುಸು ಜಾಸ್ತಿ.
ಅವರು ನೋಡಿದರು. ನಾನು ನೋಡುವುದನ್ನು ನೋಡಿದರು.
"ಅದು ಮದುವೆ ಕುದುರೆಗೆ ಹೊದಿಸೋ ಜೂಲು, ಮಗಳೇ.
ನಿನಗೆ ಬೇಕಾದ್ದು ಲಾಳ."

ಮೂವತ್ತು ವರ್ಷ ಫೌಂಡ್ರಿಯ ಸುತ್ತಿಗೆ ಕೇಳಿ ಅವರ ಕಿವಿ ಮಂದ.
ಬೇರೆಯವರು ಕಡ್ಡಿ ಮೀಟಿ ಶ್ರುತಿ ನೋಡಿದರೆ
ಇವರು ಎರಡೆರಡು ಕಡ್ಡಿ ಹಿಡಿದು ಹಿಂಡುತ್ತಾರೆ,
ಹಸುವಿನ ಮೊಲೆ ಹಿಡಿದ ಹಾಗೆ, ಕಣ್ಣು ಮುಚ್ಚಿ.
ಹಿಂದಿನ ಕಾಲುಗಳ ನಡುವೆ ಅಳತೆಪಟ್ಟಿ ಇಟ್ಟರು: ನೂರಿಪ್ಪತ್ತು.
ಆಮೇಲೆ ಟಾರ್ಚು ಹಿಡಿದು ಬಣ್ಣದ ಅಡಿಯ
ಎರಡು ಗುಂಡನೆಯ ಗಾಯ ತೋರಿಸಿದರು.
"ದಪ್ಪ ನಟ್ಟು. ಈ ಗಾಡಿಗೆ ನೀನು ಮಾಡಿದ್ದನ್ನ
ಯಾರೋ ಮೊದಲೇ ಮಾಡಿದ್ದರು."

ಈನಿಡ್ ಹಿಕ್‌ಮನ್, ಎಂಬತ್ತಾರು, ಮೂರು ಮನೆ ಆಚೆ.
ನಲವತ್ತು ಪೌಂಡಿಗೆ ಇದನ್ನು ನನಗೆ ಮಾರಿದವಳು.
ಕೇಳಿದೆ. ಕೆಟಲಿಗೆ ನೀರು ತುಂಬುತ್ತ ಅಂದಳು:
"ಮತ್ತೆ? ಚಳಿಗಾಲ ಪೂರ್ತಿ ಹಾಗೇ ತುಳೀತಿದ್ದೆ, ಶ್ರೂಸ್‌ಬರಿವರೆಗೆ.
ಗೇರು ಹಾಕಿಸಿದ್ದು ನಾರ್ಮನ್. ಮದುವೆಯ ಉಡುಗೊರೆ."
ಸ್ವಲ್ಪ ಹೊತ್ತು ಬಿಟ್ಟು,
"ನಾನು ಕೇಳಿರಲಿಲ್ಲ."

ಕೊನೆಗೆ ಏಳುನೂರೇ. ಮೂವತ್ತಾರು ಕಡ್ಡಿ,
ಹೆಸರಿಲ್ಲದ, ಸ್ಟಿಕ್ಕರಿಲ್ಲದ, ಬೆಳ್ಳಿ ಬಣ್ಣದ ರಿಮ್ಮು.
ಎರಡು ಶನಿವಾರ ಹಿಡಿಯಿತು ಕಟ್ಟಲು. ಹಣ ಎಣಿಸುವಾಗ
ನವಿಲುನೀಲಿಯ ಕಡೆ ಇನ್ನೊಮ್ಮೆ ನೋಡಿದೆ, ಸುಳ್ಳು ಯಾಕೆ.
ಮುಂದಿನ ಬ್ರೇಕಿನ ರಬ್ಬರು ಸೀಳಿನ ತಳಕ್ಕೆ ಇಳಿದು
ಇನ್ನೊಂದು ಅಕ್ಕಿಕಾಳಿನಷ್ಟು ಜಾಗ ಉಳಿಸಿ
ಅಂಚು ಮುಟ್ಟಿತು.

ಈನಿಡ್ ಗೇಟಿನಲ್ಲೇ ಕಾದಿದ್ದಳು.
ಹ್ಯಾಂಡಲು ಎತ್ತಿ ಗಾಲಿ ತಿರುಗಿಸಿ, ಒಂದು ಕಣ್ಣು ಮುಚ್ಚಿ
ಔಟು ಇದೆಯೇ ಎಂದು ನೋಡಿದಳು. ಇರಲಿಲ್ಲ.
ಏಪ್ರನ್ನಿನ ಜೇಬಿನಿಂದ ಗ್ರೀಸು ಹತ್ತಿದ ಕಾಗದದ ಪೊಟ್ಟಣ:
ಹದಿನೆಂಟು ಹಲ್ಲಿನದು, ಚಮಚದ ಡ್ರಾಯರಿನಲ್ಲಿತ್ತಂತೆ,
ನಾರ್ಮನ್ ಇದ್ದಷ್ಟು ಕಾಲವೂ.

ಹತ್ತುವುದಿಲ್ಲ ಅಂದುಕೊಂಡೆ. ಅರವತ್ತು ವರ್ಷ.
ಹೊಸ ಹಬ್ಬಿನ ಬಾಯಿಗೆ ಇಟ್ಟು ಬೆರಳಲ್ಲೇ ತಿರುಗಿಸಿದೆ.
ಥ್ರೆಡ್ಡು ಒಂದೇ.
"ಟೆಟ್ಟನ್‌ಹಾಲ್ ಇಳಿಜಾರಲ್ಲಿ ಕಾಲು ನಿಲ್ಲಿಸಬೇಡ," ಎಂದಳು,
"ಎತ್ತಿ ಒಗೆಯುತ್ತೆ."
ಎಷ್ಟು ಸಲ ಒಗೆದಿತ್ತು ಎಂದು ಕೇಳಿದೆ.
ಸೊಟ್ಟ ಗಾಲಿಯನ್ನು ಬಗಲಿಗೆ ಸಿಕ್ಕಿಸಿಕೊಂಡು
ಆಗಲೇ ಒಳಗೆ ಹೋಗಿದ್ದಳು.